ದುಡಿಯುವ ಕೈ ಕಳಚಿಕೊಳ್ಳುವುದು 45ರ ಆಸುಪಾಸಿನಲ್ಲಿ: ವಯಸ್ಸಾಗುತ್ತಿರುವ ಕರ್ನಾಟಕದ ಲೆಕ್ಕ

ಜಯನಗರ_ಜನಗಣಿತ

ನಮ್ಮ ರಾಜ್ಯದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು. ಇದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿ. ಒಂದು ತಲೆಮಾರಿನ ಜಾಗಕ್ಕೆ ಅಷ್ಟೇ ದೊಡ್ಡ ಇನ್ನೊಂದು ತಲೆಮಾರು ಬರಬೇಕಾದರೆ 2.1 ಬೇಕು. 60 ದಾಟಿದವರು 2011ರ ಜನಗಣತಿಯಲ್ಲಿ ಶೇ 9.5 ಇದ್ದರು. ಕೇಂದ್ರದ ಮುನ್ನಂದಾಜಿನ ಪ್ರಕಾರ 2021ಕ್ಕೆ ಅದು ಶೇ 11.5, 2031ಕ್ಕೆ ಶೇ 15. ಕೇರಳ ಆ ಹೊತ್ತಿಗೆ ಶೇ 20.9ಕ್ಕೆ ಬಂದಿರುತ್ತದೆ. 2031ರಲ್ಲಿ ಕೆಲಸಕ್ಕೆ ಸೇರಬೇಕಾದ 18ರ ಹುಡುಗ ಹುಡುಗಿಯರು ಈಗಾಗಲೇ ಹುಟ್ಟಿ ಶಾಲೆಗೆ ಹೋಗುತ್ತಿದ್ದಾರೆ. ಆ ಸಂಖ್ಯೆಯನ್ನು ಇನ್ನು ಯಾವ ಯೋಜನೆಯೂ ಹೆಚ್ಚಿಸಲಾರದು.

ಈ ವಿಷಯ ಬಂದಾಗಲೆಲ್ಲ ಮಾತು ಅವಲಂಬನೆ ಅನುಪಾತದ ಹತ್ತಿರ ನಿಂತುಬಿಡುತ್ತದೆ. 15ರಿಂದ 59ರ ನೂರು ಜನಕ್ಕೆ 60 ದಾಟಿದವರು ಎಷ್ಟು ಅನ್ನುವ ಲೆಕ್ಕ ಅದು. ದೇಶಕ್ಕೆ 2011ರಲ್ಲಿ 14.2 ಇತ್ತು, 2031ಕ್ಕೆ 20.1 ಅಂದಾಜು. ಇದರಲ್ಲಿ ಒಂದು ದೊಡ್ಡ ತಪ್ಪು ಅಡಗಿದೆ. 47ಕ್ಕೆ ಕಣ್ಣು ಮಂಜಾಗಿ ಗಾರ್ಮೆಂಟ್ಸ್ ಬಿಟ್ಟ ಹೆಂಗಸು ಈ ಲೆಕ್ಕದಲ್ಲಿ ದುಡಿಯುವವಳು. 66ರಲ್ಲೂ ಕೆ.ಆರ್. ಮಾರ್ಕೆಟ್ಟಿನಲ್ಲಿ ಬೆಳಗಿನ ಜಾವ ಹೂವಿನ ಮೂಟೆ ಬಿಚ್ಚುವವಳು ಅವಲಂಬಿತಳು. ನಾವು ಭಾಗಿಸಿ ನೋಡಬೇಕಾದ್ದು ನಿಜವಾಗಿ ಸಂಪಾದಿಸುತ್ತಿರುವವರ ಸಂಖ್ಯೆಯನ್ನು, ಅವರ ಸಂಪಾದನೆಯಲ್ಲಿ ಬದುಕುತ್ತಿರುವವರ ಸಂಖ್ಯೆಯಿಂದ.

ಜಪಾನ್ ನೋಡಿ. 65 ದಾಟಿದವರ ಪಾಲು ಶೇ 7ರಿಂದ 14ಕ್ಕೆ ಏರಲು ಫ್ರಾನ್ಸಿಗೆ 115 ವರ್ಷ ಹಿಡಿದರೆ ಜಪಾನಿಗೆ 24 ವರ್ಷ ಸಾಕಾಯಿತು. ಅಲ್ಲಿ 15ರಿಂದ 64ರ ಜನ 1995ರಲ್ಲಿ ಸುಮಾರು 8.7 ಕೋಟಿ ಇದ್ದವರು ಈಗ 7.4 ಕೋಟಿಯ ಆಸುಪಾಸಿಗೆ ಇಳಿದಿದ್ದಾರೆ. ಆದರೆ ಕೆಲಸದಲ್ಲಿರುವವರ ಒಟ್ಟು ಸಂಖ್ಯೆ ಅದೇ ಅವಧಿಯಲ್ಲಿ ಸುಮಾರು 6.46 ಕೋಟಿಯಿಂದ 6.78 ಕೋಟಿಗೆ ಏರಿದೆ. ಹೆಂಗಸರು ಮತ್ತು ವಯಸ್ಸಾದವರು ಕೆಲಸದಲ್ಲಿ ಉಳಿದದ್ದರಿಂದ ಇದಾಯಿತು. ವಯಸ್ಸು ತಾನಾಗಿ ದುಡಿಮೆಯನ್ನು ತಿನ್ನುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಇನ್ನೊಂದು ವಿಷಯ. ವಿಶ್ವಬ್ಯಾಂಕಿನ ಮಾನವ ಬಂಡವಾಳ ಸೂಚ್ಯಂಕದಲ್ಲಿ 2020ರಲ್ಲಿ ಭಾರತಕ್ಕೆ 0.49 ಬಂತು. ಅದು ಅಳೆಯುವುದು ಮಗು ಐದು ವರ್ಷ ದಾಟುತ್ತದೆಯೇ, 18ರೊಳಗೆ ಎಷ್ಟು ಕಲಿಯುತ್ತದೆ, ಬೆಳವಣಿಗೆ ಕುಂಠಿತವಾಗಿದೆಯೇ, 15ರವರು 60ರ ತನಕ ಬದುಕುತ್ತಾರೆಯೇ, ಇಷ್ಟನ್ನು. 45ರ ಕೈಯಲ್ಲಿ ಎಂಥ ಕಸುಬಿದೆ, ಆ ಮಂಡಿ, ಆ ಕಣ್ಣು ಇನ್ನೆಷ್ಟು ವರ್ಷ ತಡೆಯುತ್ತವೆ ಅನ್ನುವುದು ಅದರಲ್ಲಿ ಎಲ್ಲೂ ಇಲ್ಲ. ಹಾಗಾಗಿ ಇಲ್ಲಿರುವ ತಿಳಿದವರಲ್ಲಿ ಒಂದೇ ಕೇಳಿಕೆ: ನಿಮ್ಮ ನಿಮ್ಮ ಕ್ಷೇತ್ರದಲ್ಲಿ 45ರಿಂದ 58ರ ನಡುವೆ ಜನ ಯಾವ ಕಾರಣಕ್ಕೆ ಉದುರಿಹೋಗುತ್ತಾರೆ, ತಡೆಯಲು ಏನು ಮಾಡಬಹುದು, ಬಿಡಿಸಿ ಬರೆಯಿರಿ.

ಹತ್ತಿರದ_ನೋಟ

ಕಣ್ಣಿನಿಂದಲೇ ಶುರು ಮಾಡ್ತೀನಿ ಸರ್, ಯಾಕಂದ್ರೆ ಇದು ಎಲ್ಲಕ್ಕಿಂತ ಅಗ್ಗದಲ್ಲಿ ಸರಿಹೋಗುವ ತೊಂದರೆ, ಮತ್ತು ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಒಳಗಾದದ್ದು.

ನಲವತ್ತು ದಾಟುತ್ತಿದ್ದಂತೆ ಕಣ್ಣಿನ ಮಸೂರ ಗಡುಸಾಗುತ್ತೆ. ಹತ್ತಿರದ್ದು ಮಂಜಾಗುತ್ತೆ. ಕಾಯಿಲೆಯಲ್ಲ, ಎಲ್ಲರಿಗೂ ಆಗುವಂಥದ್ದು. 40 ಸೆಂ.ಮೀ. ದೂರಕ್ಕೆ ಬೇಕಾಗುವ ಪವರ್ ಅಂದಾಜು ಹೀಗೆ: 40-45ಕ್ಕೆ +1.00, 50ರ ಹೊತ್ತಿಗೆ +1.50ರಿಂದ +2.00, 60ಕ್ಕೆ +2.50. ಹೊಲಿಗೆ ಯಂತ್ರದ ಸೂಜಿ ಕಣ್ಣಿಂದ 35-45 ಸೆಂ.ಮೀ. ಇರುತ್ತೆ, ಸರಿಯಾಗಿ ಮಂಜಾಗುವ ಜಾಗದಲ್ಲೇ. ಕಪ್ಪು ಬಟ್ಟೆಗೆ ಕಪ್ಪು ದಾರ ಬಂದ ದಿನ ದಾರ ಪೋಣಿಸೋಕೆ ಮೂರು ಸಲ ಪ್ರಯತ್ನ, ಹೊಲಿಗೆ ಅಂಚಿನಿಂದ ಜಾರುತ್ತೆ, ಪೀಸ್ ರಿಜೆಕ್ಟ್ ಆಗುತ್ತೆ, ಗಂಟೆಯ ಟಾರ್ಗೆಟ್ ತಪ್ಪುತ್ತೆ. ಸೂಪರ್‌ವೈಸರ್ ಕಣ್ಣಿಗೆ ಕಾಣುವುದು "ಈಯಮ್ಮ ನಿಧಾನ ಆದ್ರು" ಅಂತ. ಆಮೇಲೆ ಹೆಲ್ಪರ್ ಕೆಲಸಕ್ಕೆ ಇಳಿಸ್ತಾರೆ. ಅಲ್ಲಿಂದ ಮನೆಗೆ.

ಅಸ್ಸಾಮಿನ ಟೀ ತೋಟದಲ್ಲಿ 40 ದಾಟಿದ 751 ಕಾರ್ಮಿಕರ ಮೇಲೆ ನಡೆದ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಅರ್ಧ ಜನಕ್ಕೆ ಹತ್ತಿರದ ಕನ್ನಡಕ ಕೊಟ್ಟರು, ಉಳಿದವರಿಗೆ ಪ್ರಯೋಗ ಮುಗಿದ ಮೇಲೆ. ಕನ್ನಡಕ ಹಾಕಿದವರ ದಿನದ ಎಲೆ 25 ಕೆ.ಜಿ.ಯಿಂದ 34.8ಕ್ಕೆ ಹೋಯಿತು, ಇನ್ನೊಂದು ಗುಂಪಿನದು 26ರಿಂದ 30.6ಕ್ಕೆ. ಎರಡು ಗುಂಪಿನ ಅಂತರ ಸುಮಾರು ಶೇ 22. ಎಲೆ ಕೀಳೋದಕ್ಕೇ ಇಷ್ಟು ವ್ಯತ್ಯಾಸ ಬಂದರೆ ಸೂಜಿ ಕೆಲಸದ ಮಾತು ಬೇರೆ ಹೇಳಬೇಕಾ?

ಎಲ್ಲಿ ಕೆಡುತ್ತೆ ಅಂದರೆ, ಕಣ್ಣಿನ ಶಿಬಿರ ಮಾಡಿ ಎಲ್ಲರಿಗೂ ಒಂದೇ ಪವರ್ ಹಂಚಿಬಿಡ್ತಾರೆ. ಕಟಿಂಗ್ ಟೇಬಲ್‌ನವರ ಕೆಲಸ 60-70 ಸೆಂ.ಮೀ. ದೂರದ್ದು, ಅವರಿಗೆ +2.00 ಕೊಟ್ಟರೆ ತಲೆನೋವು ಬಂದು ಕನ್ನಡಕ ಡಬ್ಬಿ ಸೇರುತ್ತೆ. ಬಂಡಲ್ ಹೊತ್ತು ಓಡಾಡುವವರಿಗೆ ಬೈಫೋಕಲ್ ಕೊಟ್ಟರೆ ಮೆಟ್ಟಿಲು ಮಂಜಾಗಿ ಎಡವ್ತಾರೆ. ಆದ್ದರಿಂದ ಮೊದಲು ಟೇಪ್ ಹಿಡಿದು ಪ್ರತಿ ಸೀಟಿನಲ್ಲಿ ಕಣ್ಣಿಂದ ಕೆಲಸಕ್ಕೆ ಇರುವ ದೂರ ಅಳೆದು ಬರೆದುಕೊಳ್ಳಿ, ಪವರ್ ಆಮೇಲೆ.

ಬೆಳಕನ್ನೂ ಮರೀಬೇಡಿ. 60ರ ಕಣ್ಣಿನ ಪರದೆಗೆ ತಲುಪುವ ಬೆಳಕು 20ರ ಕಣ್ಣಿಗೆ ತಲುಪುವುದರ ಮೂರನೇ ಒಂದು ಭಾಗದಷ್ಟು. ಹೊಲಿಗೆಗೆ 750 ಲಕ್ಸ್ (ಬೆಳಕಿನ ಅಳತೆ) ಅನ್ನೋದು ಪ್ರಚಲಿತ ಮಾನದಂಡ, ಅಳೆಯಬೇಕಾದ್ದು ಸೂಜಿಯ ತಲೆಯ ಹತ್ತಿರ. ಛಾವಣಿಯ ಟ್ಯೂಬ್‌ಲೈಟ್ ಲೆಕ್ಕ ಹಿಡಿದರೆ ಆಗಲ್ಲ, ಯಾಕಂದ್ರೆ ಕೂತವರ ತಲೆಯ ನೆರಳೇ ಸೂಜಿ ಮೇಲೆ ಬಿದ್ದಿರುತ್ತೆ.

ಪಿಎಫ್_ಪಾಸ್‌ಬುಕ್

2016ರ ಏಪ್ರಿಲ್ 18 ಮತ್ತು 19 ನೆನಪಿದೆಯಲ್ಲ? ಹೊಸೂರು ರಸ್ತೆ, ತುಮಕೂರು ರಸ್ತೆಗಳಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ಬೀದಿಗಿಳಿದರು. ಉದ್ಯೋಗದಾತರ ಪಾಲಿನ ಪಿಎಫ್ ಹಣವನ್ನು 58 ವರ್ಷದ ತನಕ ತೆಗೆಯುವಂತಿಲ್ಲ ಎಂಬ ಹೊಸ ನಿಯಮ ಅದಕ್ಕೆ ಕಾರಣ. ಎರಡನೇ ದಿನವೇ ಕೇಂದ್ರ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಆ ಹೋರಾಟವನ್ನು ಈ ಚರ್ಚೆಯ ಬೆಳಕಿನಲ್ಲಿ ಮತ್ತೆ ಓದಬೇಕು. 58ರ ತನಕ ಯಾರೂ ನಮ್ಮನ್ನು ಕೆಲಸದಲ್ಲಿ ಇಟ್ಟುಕೊಳ್ಳುವುದಿಲ್ಲ ಎಂಬುದು ಆ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತಿತ್ತು. ಕಾನೂನು ಬರೆದವರ ತಲೆಯಲ್ಲಿದ್ದ ವಯಸ್ಸಿಗೂ ಶಾಪ್‌ಫ್ಲೋರಿನ ವಯಸ್ಸಿಗೂ ಹತ್ತು ಹನ್ನೆರಡು ವರ್ಷದ ಅಂತರ ಇತ್ತು. ಈಗಲೂ ಇದೆ.

ಆದರೆ ಹಣ ತೆಗೆಯುವುದರಲ್ಲಿ ಒಂದು ದೊಡ್ಡ ನಷ್ಟ ಕೂತಿದೆ, ಅದನ್ನು ಯಾರೂ ಅವರಿಗೆ ಬಿಡಿಸಿ ಹೇಳುವುದಿಲ್ಲ. ಉದ್ಯೋಗದಾತರು ಕಟ್ಟುವ ಸಂಬಳದ ಶೇ 12ರಲ್ಲಿ ಶೇ 8.33 ಪಿಂಚಣಿ ಖಾತೆಗೆ ಹೋಗುತ್ತದೆ, 15,000 ರೂಪಾಯಿ ಸಂಬಳದ ಮಿತಿಗೆ ತಿಂಗಳಿಗೆ ಹೆಚ್ಚೆಂದರೆ 1,250. ಪಿಂಚಣಿ ಸಿಗಬೇಕಾದರೆ ಕನಿಷ್ಠ 10 ವರ್ಷದ ಸೇವೆ ಬೇಕು. ಸೂತ್ರ ಇದು: ಕೊನೆಯ 60 ತಿಂಗಳ ಸರಾಸರಿ ಸಂಬಳ ಗುಣಿಸು ಸೇವೆಯ ವರ್ಷ, ಭಾಗಿಸು 70. ಸೇವೆ 20 ವರ್ಷ ತುಂಬಿದವರಿಗೆ 2 ವರ್ಷ ಸೇರಿಸುತ್ತಾರೆ.

ಸರಾಸರಿ ಸಂಬಳ 12,000 ಅಂತಿಟ್ಟುಕೊಳ್ಳಿ. ಒಬ್ಬರು ಮೂರು ಫ್ಯಾಕ್ಟರಿಗಳಲ್ಲಿ 7, 8, 7 ವರ್ಷ ದುಡಿದಿದ್ದಾರೆ. ಪ್ರತಿ ಸಲ ಕೆಲಸ ಬಿಟ್ಟಾಗ ಫಾರಂ 10ಸಿ ಹಾಕಿ ಪಿಂಚಣಿ ದುಡ್ಡೂ ತೆಗೆದುಬಿಟ್ಟರೆ ಸೇವೆ ಪ್ರತಿ ಸಲ ಸೊನ್ನೆಗೆ ಇಳಿಯುತ್ತದೆ. ಯಾವ ಅವಧಿಯೂ 10 ಮುಟ್ಟಲಿಲ್ಲ, ಪಿಂಚಣಿ ಇಲ್ಲ. ಅದೇ 22 ವರ್ಷವನ್ನು ಒಂದೇ ಯುಎಎನ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ) ಅಡಿ ವರ್ಗಾಯಿಸಿಕೊಂಡು ಬಂದಿದ್ದರೆ 12,000 × 24 ÷ 70, ಅಂದರೆ ತಿಂಗಳಿಗೆ 4,114 ರೂಪಾಯಿ, ಜೀವ ಇರುವ ತನಕ. ಅವರ ನಂತರ ಗಂಡನಿಗೂ ಒಂದು ಭಾಗ.

ಹಣದ ತುರ್ತು ಇದ್ದೇ ಇರುತ್ತದೆ, ಮಗಳ ಫೀಸು, ಮನೆ ಅಡ್ವಾನ್ಸು. ಆಗ ಭವಿಷ್ಯ ನಿಧಿಯ ಭಾಗ ತೆಗೆಯಿರಿ, ಪಿಂಚಣಿ ಭಾಗ ಮುಟ್ಟಬೇಡಿ. ಅದೇ 10ಸಿ ಫಾರಂನಲ್ಲಿ "ಸ್ಕೀಮ್ ಸರ್ಟಿಫಿಕೇಟ್" ಎಂಬ ಆಯ್ಕೆ ಇದೆ, ಅದು ಸೇವೆಯನ್ನು ಕಾಪಾಡುತ್ತದೆ. ಸೈಬರ್ ಸೆಂಟರಿನವರು ಕೇಳದೇ ಎರಡೂ ಕ್ಲೇಮ್ ಹಾಕಿಬಿಡುವುದುಂಟು, ಪಕ್ಕದಲ್ಲಿ ನಿಂತು ನೋಡಿಕೊಳ್ಳಿ. ಆಧಾರ್ ಮತ್ತು ಪಿಎಫ್‌ನಲ್ಲಿ ಹೆಸರು, ಹುಟ್ಟಿದ ದಿನಾಂಕ ಹೊಂದದಿದ್ದರೆ ವರ್ಗಾವಣೆ ಅಲ್ಲೇ ನಿಲ್ಲುತ್ತದೆ. ತಿದ್ದುಪಡಿಯನ್ನು ಕೆಲಸದಲ್ಲಿರುವಾಗಲೇ ಮಾಡಿಸಿ. ಫ್ಯಾಕ್ಟರಿ ಮುಚ್ಚಿದ ಮೇಲೆ ಸಹಿ ಹಾಕುವವರೇ ಸಿಗುವುದಿಲ್ಲ.

ನೇಮಕಾತಿ_ನೋಟ

ಎಲ್ಲರೂ ಹಿರಿಯರನ್ನು ಉಳಿಸಿಕೊಳ್ಳುವ ಮಾತಾಡ್ತಿದ್ದೀರಿ. ವಿಜಯನಗರ, ಚಂದ್ರಾ ಲೇಔಟ್ ಕಡೆ ಬಂದು ನೋಡಿ, ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಐದಾರು ವರ್ಷದಿಂದ ಓದ್ತಾ ಕೂತವರು ಎಷ್ಟಿದ್ದಾರೆ. ರಾಜ್ಯ ಸರ್ಕಾರಿ ನೌಕರರ ನಿವೃತ್ತಿ 2008ರಲ್ಲಿ 58ರಿಂದ 60ಕ್ಕೆ ಏರಿತು. ಇನ್ನೂ ಏರಿಸಿದರೆ ಹುಡುಗರಿಗೆ ಬಾಗಿಲು ಮುಚ್ಚಿದಂತೆಯೇ. ಇದಕ್ಕೆ ಉತ್ತರ ಬೇಕು.

ಜಯನಗರ_ಜನಗಣಿತ

ನಿಮ್ಮ ಮಾತು ಸರ್ಕಾರಿ ಹುದ್ದೆಗೆ ಪೂರಾ ಸರಿ. ಮಂಜೂರಾದ ಹುದ್ದೆಗಳ ಸಂಖ್ಯೆ ಕಟ್ಟುನಿಟ್ಟು, ಒಬ್ಬರು ಎರಡು ವರ್ಷ ಹೆಚ್ಚು ಕೂತರೆ ಇನ್ನೊಬ್ಬರು ಎರಡು ವರ್ಷ ಹೊರಗೆ. ನಾನು ನಿವೃತ್ತಿ ವಯಸ್ಸು ಏರಿಸಿ ಅನ್ನುತ್ತಲೂ ಇಲ್ಲ. ಚೀನಾ 2025ರ ಜನವರಿ 1ರಿಂದ ಏರಿಸಲು ಶುರು ಮಾಡಿದೆ, ಗಂಡಸರದ್ದು 60ರಿಂದ 63ಕ್ಕೆ, ಅದೂ 15 ವರ್ಷದಲ್ಲಿ ಮೆಲ್ಲಗೆ. ಅಲ್ಲಿ ನಗರದ ಸಂಬಳದಾರರ ಪಿಂಚಣಿ ಜಾಲ ದೊಡ್ಡದಿದೆ, ಆ ಆಜ್ಞೆಗೆ ಅರ್ಥವಿದೆ. ನಮ್ಮಲ್ಲಿ ನಿವೃತ್ತಿ ವಯಸ್ಸು ಅನ್ನುವುದೇ ಇಲ್ಲದ ಕೆಲಸಗಳಲ್ಲಿ ಬಹುಪಾಲು ಜನ ಇದ್ದಾರೆ. ಗಾರೆ ಕೆಲಸದವರಿಗೆ 60ಕ್ಕೆ ಯಾರೂ ಹಾರ ಹಾಕಿ ಕಳಿಸುವುದಿಲ್ಲ, ಬೆನ್ನು ಹಿಡಿದ ದಿನ ಕೆಲಸ ನಿಲ್ಲುತ್ತದೆ.

ಖಾಸಗಿ ಉತ್ಪಾದನೆಯಲ್ಲಿ ಲೆಕ್ಕ ಬೇರೆ. ಲೇಥ್ ನಡೆಸುವ ಅನುಭವಿ ಟರ್ನರ್ ಒಬ್ಬ ಯಂತ್ರದ ಸೆಟ್ಟಿಂಗ್ ಮಾಡಿಕೊಟ್ಟರೆ ಇಬ್ಬರು ಮೂವರು ಹೊಸ ಆಪರೇಟರುಗಳಿಗೆ ಕೆಲಸ. ಅವನು ಹೋದರೆ ಆ ಹೊಸಬರ ಕೆಲಸವೂ ಕುಂಟುತ್ತದೆ. ಹಿರಿಯರೂ ಕಿರಿಯರೂ ಒಂದೇ ಕುರ್ಚಿಗೆ ಪೈಪೋಟಿ ಮಾಡುವ ಜಾಗ ಯಾವುದು, ಒಬ್ಬರಿಂದ ಇನ್ನೊಬ್ಬರಿಗೆ ಅನ್ನ ಸಿಗುವ ಜಾಗ ಯಾವುದು ಅಂತ ಬೇರ್ಪಡಿಸಿ ನೋಡಬೇಕು.

ಪೀಣ್ಯ_ಟೂಲ್‌ರೂಮ್

ಅನುಭವಿ ಹೋದರೆ ಏನಾಗುತ್ತೆ ಅಂತ ಒಂದೇ ಕೆಲಸ ಹಿಡಿದು ತೋರಿಸ್ತೀನಿ. ಸ್ಕ್ರೇಪಿಂಗ್, ಅಂದರೆ ಲೋಹದ ಮೈಯನ್ನು ಕೈಯಿಂದ ಕೆರೆದು ಸಮ ಮಾಡೋದು. ಬೆಂಗಳೂರಿನಲ್ಲಿ 1953ರಲ್ಲಿ ಎಚ್‌ಎಂಟಿ ಶುರುವಾದಾಗಿನಿಂದ ಮೆಷಿನ್ ಟೂಲ್ ಕಟ್ಟುವ ಪರಂಪರೆ ಈ ಊರಿಗಿದೆ, ಆ ಪರಂಪರೆಯ ಬೇರು ಇರೋದು ಈ ಕೈಗೆಲಸದಲ್ಲಿ.

ಲೇಥಿನ ಬೆಡ್, ಅಂದರೆ ಯಂತ್ರದ ಭಾಗಗಳು ಜಾರಾಡುವ ತಳ, ಎರಕದ ಕಬ್ಬಿಣ. ಗ್ರೈಂಡಿಂಗ್ ಆದ ಮೇಲೂ ಅದರ ಮೇಲೆ ಮೈಕ್ರಾನ್ ಲೆಕ್ಕದ ಉಬ್ಬು ತಗ್ಗು ಉಳಿದಿರುತ್ತೆ. ಸರ್ಫೇಸ್ ಪ್ಲೇಟಿಗೆ (ನಿಖರವಾಗಿ ಸಮ ಮಾಡಿದ ಫಲಕ) ಪ್ರಷಿಯನ್ ಬ್ಲೂ ಬಣ್ಣ ತೆಳ್ಳಗೆ ಸವರಿ, ಕೆಲಸದ ಮೇಲಿಟ್ಟು ಒಂದೆರಡು ಇಂಚು ಹಿಂದೆ ಮುಂದೆ ಉಜ್ಜಿ ತೆಗೆದರೆ ಉಬ್ಬಿದ ಜಾಗಕ್ಕೆ ನೀಲಿ ಹತ್ತುತ್ತೆ. ಆ ನೀಲಿ ಚುಕ್ಕಿಗಳನ್ನಷ್ಟೇ ಕಾರ್ಬೈಡ್ ತುದಿಯ ಸ್ಕ್ರೇಪರ್‌ನಲ್ಲಿ ಕೆರೆಯಬೇಕು, ಒಂದು ಎಳೆತಕ್ಕೆ ಕೆಲವೇ ಮೈಕ್ರಾನ್. ಒರೆಸಿ, ಮತ್ತೆ ನೀಲಿ, ಮತ್ತೆ ಕೆರೆತ, ಪ್ರತಿ ಸುತ್ತಿಗೂ ಕೆರೆಯುವ ದಿಕ್ಕು ಅಡ್ಡಕ್ಕೆ ಬದಲಾಗಬೇಕು. ಚದರ ಇಂಚಿಗೆ 10-12 ಚುಕ್ಕಿ ಬಂದರೆ ಸಾಮಾನ್ಯ ಯಂತ್ರಕ್ಕೆ ಸಾಕು, ನಿಖರ ಯಂತ್ರಕ್ಕೆ 20ರ ಮೇಲೆ ಬೇಕು. ಚುಕ್ಕಿಗಳ ನಡುವಿನ ತಗ್ಗಿನಲ್ಲಿ ಎಣ್ಣೆ ನಿಲ್ಲುತ್ತೆ, ಹಾಗಾಗಿ ಸ್ಲೈಡ್ ಅಂಟಿಕೊಳ್ಳದೆ ಜಾರುತ್ತೆ.

ಹೊಸ ಹುಡುಗ ಎಲ್ಲಿ ತಪ್ತಾನೆ? ನೀಲಿ ದಪ್ಪ ಹಚ್ತಾನೆ, ಎಲ್ಲಾ ಕಡೆ ಹತ್ತಿ ಸುಳ್ಳು ಹೇಳುತ್ತೆ. ಒಂದೇ ಜಾಗದಲ್ಲಿ ಒತ್ತಿ ಕೆರೆದು ಗುಂಡಿ ಮಾಡ್ತಾನೆ, ಆಗ ಇಡೀ ಬೆಡ್ಡನ್ನು ಆ ಗುಂಡಿಯ ಮಟ್ಟಕ್ಕೆ ಇಳಿಸಬೇಕು, ಎರಡು ದಿನದ ಕೆಲಸ ನೀರುಪಾಲು. ನೇರ ನೋಡುವ ಪಟ್ಟಿ, ಸ್ಟ್ರೈಟ್ ಎಡ್ಜ್, ಬಹಳ ಹೊತ್ತು ಬರಿಗೈಯಲ್ಲಿ ಹಿಡಿದು ಅದು ಬಿಸಿಯಾಗಿ ಬಾಗಿದ್ದು ಅವನಿಗೆ ತಿಳಿಯೋದೇ ಇಲ್ಲ. ಇದನ್ನು ವಿಡಿಯೋ ನೋಡಿ ಕಲಿಯೋಕಾಗಲ್ಲ, ಮಣಿಕಟ್ಟು ಕಲಿಯಬೇಕು. ಪಕ್ಕದಲ್ಲಿ ಗೊತ್ತಿದ್ದವರು ನಿಂತು "ಸಾಕು, ಎತ್ತು" ಅನ್ನಬೇಕು.

ಹಾಗಾಗಿ ನನ್ನ ಸಲಹೆ: ನಿವೃತ್ತಿಗೆ ಮೂರು ವರ್ಷ ಇರುವಾಗಲೇ ಜೋಡಿ ಹಾಕಿ. ಮೊದಲ ವರ್ಷ ಹಿರಿಯರು ಕೆರೆಯಲಿ, ಕಿರಿಯ ನೀಲಿ ಹಚ್ಚಿ ಚುಕ್ಕಿ ಎಣಿಸಲಿ. ಎರಡನೇ ವರ್ಷ ಗಿಬ್, ಆಂಗಲ್ ಪ್ಲೇಟಿನಂಥ ಸಣ್ಣ ಭಾಗಗಳು ಕಿರಿಯನ ಕೈಗೆ. ಮೂರನೇ ವರ್ಷ ಬೆಡ್. ಹಿರಿಯರಿಗೆ ಆ ಮೂರು ವರ್ಷ ಉತ್ಪಾದನೆ ಇನ್ಸೆಂಟಿವ್ ಲೆಕ್ಕ ಹಾಕಬೇಡಿ. ಪೀಸ್ ಲೆಕ್ಕ ಹಾಕಿದರೆ ಕಲಿಸುವ ಪ್ರತಿ ನಿಮಿಷವೂ ಅವರ ಜೇಬಿಗೆ ಕತ್ತರಿ, ಯಾರು ಕಲಿಸ್ತಾರೆ ಹೇಳಿ. ಸಣ್ಣ ಕಾರ್ಖಾನೆಗಳಲ್ಲಿ ಈ ಜೋಡಿ ಪದ್ಧತಿ ಮುರಿದು ಬೀಳೋದು ಇದೊಂದೇ ಕಾರಣಕ್ಕೆ.

ನೀರಗಂಟಿ

ಪೀಣ್ಯದವರು ಹೇಳಿದ್ದು ಕಾರ್ಖಾನೆಯೊಳಗಿನ ಮಾತು. ಅದೇ ಕತೆ ರಸ್ತೆಯ ಕೆಳಗೂ ಇದೆ. ಹಿಂದೆ ಕೆರೆಯ ತೂಬು ಎತ್ತಿ ಯಾವ ಗದ್ದೆಗೆ ಎಷ್ಟು ನೀರು ಅಂತ ನಿರ್ಧರಿಸುತ್ತಿದ್ದವರು ನೀರಗಂಟಿ. ನಗರದಲ್ಲಿ ಆ ಜಾಗಕ್ಕೆ ಬಂದವರು ವಾಲ್ವ್‌ಮನ್.

ಕೊಳವೆಯ ನಕ್ಷೆ ಕಚೇರಿಯಲ್ಲಿ ಇರುತ್ತದೆ, ಆದರೆ ಯಾವ ವಾಲ್ವ್ ಮೂರು ಸಲ ಡಾಂಬರು ಬಿದ್ದು ಅಡಗಿದೆ, ಯಾವುದು ಎಡಕ್ಕೆ ತಿರುಗಿಸಿದರೆ ಮುಚ್ಚುತ್ತದೆ, ಯಾವುದರ ಸ್ಪಿಂಡಲ್ (ತಿರುಗಿಸುವ ಕಂಬಿ) ಸವೆದು ಅರ್ಧಕ್ಕೆ ನಿಲ್ಲುತ್ತದೆ ಎಂಬುದು ವಾಲ್ವ್‌ಮನ್ ತಲೆಯಲ್ಲಿರುತ್ತದೆ. ಗೇಟ್ ವಾಲ್ವಿಗೆ ಒಂದು ಒರಟು ಲೆಕ್ಕ ಇದೆ: ಇಂಚಿನ ಅಳತೆಯನ್ನು 3ರಿಂದ ಗುಣಿಸಿ 2 ಅಥವಾ 3 ಕೂಡಿಸಿ. 12 ಇಂಚಿನ ವಾಲ್ವಿಗೆ 38-39 ಸುತ್ತು. 25ಕ್ಕೇ ಗಟ್ಟಿಯಾದರೆ ಒಳಗೆ ಮರಳೋ ತುಕ್ಕೋ ಕೂತಿದೆ ಎಂದರ್ಥ. ಅದನ್ನರಿಯದವರು ಉದ್ದದ ಪೈಪು ಹಾಕಿ ಬಲವಂತ ಮಾಡಿದರೆ ಸ್ಪಿಂಡಲ್ ಮುರಿಯುತ್ತದೆ, ರಸ್ತೆ ಅಗೆಯಬೇಕಾಗುತ್ತದೆ. ಕೊನೆಯ ನಾಲ್ಕೈದು ಸುತ್ತನ್ನು ಅವಸರದಲ್ಲಿ ಮುಚ್ಚಿದರೆ ಹರಿಯುತ್ತಿದ್ದ ನೀರು ಗಕ್ಕನೆ ನಿಂತು ಹಿಮ್ಮುಖ ಹೊಡೆತ ಕೊಡುತ್ತದೆ, ಹಳೇ ಎರಕದ ಕೊಳವೆ ಕೀಲಿನಲ್ಲಿ ಬಿರಿಯುತ್ತದೆ.

ಈ ಜ್ಞಾನ ದಾಖಲಿಸಲು ದೊಡ್ಡ ಸಾಫ್ಟ್‌ವೇರ್ ಬೇಕಿಲ್ಲ. ಪ್ರತಿ ವಾಲ್ವಿಗೆ ಒಂದು ಸಾಲು: ಜಾಗದ ಜಿಪಿಎಸ್ ಮತ್ತು ಹತ್ತಿರದ ಗುರುತು, ಕೊಳವೆಯ ಅಳತೆ, ಮುಚ್ಚುವ ದಿಕ್ಕು, ಪೂರಾ ಸುತ್ತು ಎಷ್ಟು, ಕೊನೆಗೆ ತಿರುಗಿಸಿದ ದಿನಾಂಕ, ಮುಚ್ಚಿದರೆ ಯಾವ ಅಡ್ಡರಸ್ತೆಗಳಿಗೆ ನೀರು ನಿಲ್ಲುತ್ತದೆ. ವರ್ಷಕ್ಕೊಮ್ಮೆ ಪ್ರತಿ ವಾಲ್ವನ್ನೂ ಪೂರ್ತಿ ತಿರುಗಿಸಿ ನೋಡಬೇಕು, ಆ ಸುತ್ತಾಟಕ್ಕೆ ಹೊಸಬರನ್ನು ಜೊತೆಗೆ ಕಳಿಸಬೇಕು. ಕಾಗದದ ಮೇಲೆ ಬರೆಸಿಕೊಳ್ಳುವವರು ಎಂಜಿನಿಯರ್ ಆಗಿದ್ದರೆ ಕುಳಿತಲ್ಲೇ ಪ್ರಶ್ನೆ ಕೇಳುತ್ತಾರೆ, ಅರ್ಧ ವಿಷಯ ಬರುವುದಿಲ್ಲ. ರಸ್ತೆಯಲ್ಲಿ ಚೇಂಬರ್ ಮುಚ್ಚಳ ತೆಗೆದು ನಿಂತಾಗ ಮಾತ್ರ "ಇದರ ಪಕ್ಕ ಇನ್ನೊಂದು ಹಳೇದಿದೆ" ಎಂಬ ಮಾತು ಹೊರಬರುತ್ತದೆ. ಗುತ್ತಿಗೆ ಪದ್ಧತಿಯಲ್ಲಿ ಜನ ವರ್ಷ ವರ್ಷ ಬದಲಾಗುವ ಕಡೆ ಹೀಗೆ ಕಲಿತದ್ದೂ ಉಳಿಯುವುದಿಲ್ಲ. ಇದು ನನಗೆ ನಿಜಕ್ಕೂ ಆತಂಕದ ವಿಷಯ.

ಆರೈಕೆ_ಪಾಳಿ

ಕಾರ್ಖಾನೆ, ಕೊಳವೆ ಆಯಿತು. ಮನೆಯೊಳಗೆ ಬನ್ನಿ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಾರೆ, ಗಂಡಸರು 97. ಅತ್ತೆಗೋ ಮಾವನಿಗೋ ಪಾರ್ಶ್ವವಾಯು ಆದಾಗ, ಮರೆವಿನ ಕಾಯಿಲೆ ಶುರುವಾದಾಗ ಕೆಲಸ ಬಿಡುವವರು ಯಾರು ಅನ್ನೋದು ಈ ಅಂಕಿಯಲ್ಲೇ ಇದೆ. ಸಾಮಾನ್ಯವಾಗಿ ಅವರ ವಯಸ್ಸು 45ರಿಂದ 55. ವೃತ್ತಿಯ ಅತ್ಯುತ್ತಮ ವರ್ಷಗಳು. ಹೆರಿಗೆ ರಜೆಗೆ 26 ವಾರ, 50 ಜನರಿರುವ ಕಡೆ ಶಿಶುಪಾಲನಾ ಕೇಂದ್ರ ಅಂತ 2017ರಲ್ಲಿ ಕಾನೂನು ಬಂತು, ಬಹಳ ಒಳ್ಳೆಯದು. ಹಿರಿಯರ ಆರೈಕೆಗೆ ಅಂಥ ರಜೆ ಯಾವ ಕಾನೂನಿನಲ್ಲೂ ಇಲ್ಲ.

ಸಂಬಳಕ್ಕೆ ಆರೈಕೆ ಮಾಡುವವರ ಕಡೆಯೂ ನೋಡಿ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಲ್ಲಿ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. 12 ಗಂಟೆ ಪಾಳಿಯಲ್ಲಿ ಆರು ಸಲ. ರೋಗಿಯ ತೂಕ 65 ಕೆ.ಜಿ., ಮಂಚ ಮನೆಯ ಮಾಮೂಲಿ ದಿವಾನ್, ಮಂಡಿಯ ಎತ್ತರದ್ದು. ಒಬ್ಬಳೇ ಬಗ್ಗಿ ಕಂಕುಳಿಗೆ ಕೈಹಾಕಿ ಎಳೆದರೆ ಎರಡು ವರ್ಷದಲ್ಲಿ ಅವಳ ಸೊಂಟ ಹೋಗುತ್ತದೆ, 45ಕ್ಕೆ ಅವಳೂ ಕೆಲಸದಿಂದ ಹೊರಗೆ. ಮಂಚದ ಕಾಲಿಗೆ ಮರದ ದಿಮ್ಮಿ ಕೊಟ್ಟು ನಮ್ಮ ಸೊಂಟದ ಎತ್ತರಕ್ಕೆ ತನ್ನಿ. ರೋಗಿಯ ಭುಜದಿಂದ ತೊಡೆವರೆಗೆ ಅಡ್ಡಕ್ಕೆ ಎರಡು ಮಡಿಕೆ ಬೆಡ್‌ಶೀಟ್ ಹಾಸಿ, ಎರಡೂ ಕಡೆ ಅಂಚನ್ನು ಮೈ ಹತ್ತಿರದವರೆಗೆ ಸುತ್ತಿ ಹಿಡಿದು, ಇಬ್ಬರು ಒಟ್ಟಿಗೆ ಜಾರಿಸಿ, ಎತ್ತಬೇಡಿ. ಮನೆಯವರು ಒಬ್ಬರು ಆ ಎರಡು ನಿಮಿಷ ಕೈ ಜೋಡಿಸಬೇಕು. "ದುಡ್ಡು ಕೊಡ್ತೀವಲ್ಲ, ನೀನೇ ಮಾಡು" ಅನ್ನುವ ಮನೆಗಳಲ್ಲಿ ಆರೈಕೆಯವರು ತಿಂಗಳಿಗೊಬ್ಬರು ಬದಲಾಗುತ್ತಾರೆ. ಆಮೇಲೆ ಮನೆಯ ಸೊಸೆಯೇ ಕೆಲಸಕ್ಕೆ ರಜೆ ಹಾಕಬೇಕಾಗುತ್ತದೆ.

ರಾಯಚೂರ_ಮಂದಿ

ಎಲ್ಲಾರೂ ಬೆಂಗಳೂರಿಂದೇ ಲೆಕ್ಕಾ ಮಾಡ್ಲಿಕತ್ತೀರಿ. ಆ ಊರಿಗೆ ಬರೋ ಕೈ ಎಲ್ಲಿಂದ ಬರ್ತಾವ ಅನ್ನೂದೂ ನೋಡ್ರಿ. ರಾಯಚೂರು, ಯಾದಗಿರಿ, ಕಲಬುರಗಿ ಕಡಿಂದ ಕಟ್ಟಡದ ಕೆಲಸಕ್ಕ ಹರೇದ ಹುಡುಗ್ರು ಹೋಗ್ತಾರ, ಊರಾಗ ಮುದುಕ್ರು ಉಳೀತಾರ. ಹತ್ತಿ ಬಿಡಿಸಾಕ, ಕಳೆ ತಗ್ಯಾಕ ಬಗ್ಗಿ ನಿಂತವರನ್ನ ನೋಡಿದ್ರ ತಲಿ ತುಂಬ ಬಿಳಿ ಕೂದಲ. ಸಂಧ್ಯಾ ಸುರಕ್ಷಾದಾಗ 65 ತುಂಬಿದವ್ರಿಗೆ ತಿಂಗಳಿಗೆ 1,200 ಸಿಗ್ತದ, ಅದರಾಗ ಗುಳಿಗಿ ಖರ್ಚೇ ಮುಗೀತದ. ಅದಕ್ಕ ಕೂಲಿ ಬಿಡೂ ಹಂಗಿಲ್ಲ.

ಇನ್ನೊಂದು ಮಾತು. ಬಿಹಾರ, ಯುಪಿಯಿಂದ ಮಂದಿ ಬರ್ತಾರ, ಚಿಂತಿಲ್ಲ ಅಂತ ಬಿಲ್ಡರ್ ಮಂದಿ ತಿಳ್ಕೊಂಡಾರ. ಬಿಹಾರದಾಗ 2015-16ರ ಸಮೀಕ್ಷೆಯೊಳಗ ಒಬ್ಬಾಕಿಗೆ 3.4 ಮಕ್ಕಳಿದ್ವು, 2019-21ಕ್ಕ 3.0. ಯುಪಿಯೊಳಗ 2.7 ಇದ್ದದ್ದು 2.4. ಅಲ್ಲೂ ಇಳೀಲಿಕತ್ತದ. ಹೊರಗಿಂದ ಹುಡುಗ್ರು ಬರೂದು ಕಡಿಮಿ ಆಗೂ ಮುಂಚೇನ ಇರೋ ಮಂದೀನ ಕಾಪಾಡೂದು ಕಲೀಬೇಕ್ರಿ.

ಪಾಳಿ_ಪಟ್ಟಿ

ರಾಯಚೂರಿನವರ ಕೊನೆಯ ಮಾತಿಗೆ ಜೋಡಿಸಿ ಹೇಳುತ್ತೇನೆ. ನಮ್ಮ ಸಿಮೆಂಟ್ ಚೀಲ 50 ಕೆ.ಜಿ. ಒಬ್ಬ ಮನುಷ್ಯ ಅನುಕೂಲದ ಭಂಗಿಯಲ್ಲಿ ಎತ್ತುವ ಭಾರಕ್ಕೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಲೆಕ್ಕಕ್ಕೆ ಹಿಡಿಯುವ ಮೇಲ್ಮಿತಿ 23 ಕೆ.ಜಿ. ಯುರೋಪಿನಲ್ಲಿ ಸಿಮೆಂಟ್ ಚೀಲ 25 ಕೆ.ಜಿ.ಗೆ ಇಳಿದದ್ದು ಬೆನ್ನು ಉಳಿಸಲಿಕ್ಕೆ. ಚೀಲದ ತೂಕವೊಂದೇ ಒಬ್ಬ ಕಟ್ಟಡ ಕಾರ್ಮಿಕನ ದುಡಿಮೆಯ ವರ್ಷಗಳನ್ನು ನಿರ್ಧರಿಸಿಬಿಡುತ್ತದೆ.

ಜರ್ಮನಿಯ ಡಿಂಗೋಲ್ಫಿಂಗ್‌ನ ಬಿಎಂಡಬ್ಲ್ಯು ಕಾರ್ಖಾನೆ 2007ರಲ್ಲಿ ಒಂದು ಲೈನಿನಲ್ಲಿ ಬೇಕೆಂದೇ ಸರಾಸರಿ 47ರ ವಯಸ್ಸಿನ 42 ಜನರನ್ನು ಹಾಕಿತು, ಹತ್ತು ವರ್ಷದ ನಂತರ ಇಡೀ ಕಾರ್ಖಾನೆ ಹೀಗಿರುತ್ತದೆ ಎಂಬ ಅಂದಾಜಿನಲ್ಲಿ. ಕಾರ್ಮಿಕರೇ ಹೇಳಿದ ಸುಮಾರು 70 ಸಣ್ಣ ಬದಲಾವಣೆ ಮಾಡಿದರು: ಕಾಂಕ್ರೀಟ್ ಬದಲು ಮರದ ನೆಲ, ಮೆತ್ತನೆ ಅಟ್ಟೆಯ ಶೂ, ಆಗಾಗ ಕೂರಲು ಕ್ಷೌರದಂಗಡಿಯ ಕುರ್ಚಿಯಂಥದ್ದು, ಭೂತಗನ್ನಡಿ, ಪರದೆಯಲ್ಲಿ ದಪ್ಪಕ್ಷರ. ಒಟ್ಟು ಖರ್ಚು 40,000 ಯೂರೋದಷ್ಟು. ವರ್ಷದಲ್ಲಿ ಉತ್ಪಾದಕತೆ ಶೇ 7 ಏರಿ ಕಿರಿಯರ ಲೈನಿಗೆ ಸಮ ಬಂತು. ಅಲ್ಲಿ ಗೆದ್ದದ್ದು ಮರದ ನೆಲಕ್ಕಿಂತ ಹೆಚ್ಚಾಗಿ ಕಾರ್ಮಿಕರನ್ನು ಕೇಳಿದ್ದು ಅಂತ ನನ್ನ ನಂಬಿಕೆ.

ಖರ್ಚೇ ಇಲ್ಲದ ಒಂದು ಬದಲಾವಣೆ ಪಾಳಿಯದ್ದು. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಮುಮ್ಮುಖ ಕ್ರಮದಲ್ಲಿ ತಿರುಗಿಸಿ. ರಾತ್ರಿಯಿಂದ ಮಧ್ಯಾಹ್ನಕ್ಕೆ ಹಿಮ್ಮುಖ ಬಂದರೆ ನಿದ್ದೆ ಹೊಂದಿಕೊಳ್ಳುವುದಿಲ್ಲ. ವಯಸ್ಸಾದಂತೆ ನಿದ್ದೆ ತೆಳುವಾಗುತ್ತದೆ, ಈ ಪೆಟ್ಟು ಮೊದಲು ತಾಗುವುದು ಅವರಿಗೇ. ಬಿಪಿ, ಸಕ್ಕರೆ ಇದ್ದವರ ಮಾತ್ರೆ ಸಮಯವೂ ಪಾಳಿಯ ಜೊತೆ ಅಡ್ಡಾದಿಡ್ಡಿಯಾಗುತ್ತದೆ.

ಮಹದೇವಪುರ_ಎಚ್‌ಆರ್

ಐಟಿ ಬಗ್ಗೆ ಚಿಕ್ಕದಾಗಿ. ಇಲ್ಲಿ ಮಂಡಿ, ಸೊಂಟದ ಸಮಸ್ಯೆ ಕಡಿಮೆ, ಪಿರಮಿಡ್ಡಿನದು ಹೆಚ್ಚು. ಕೆಳಗೆ ಫ್ರೆಶರ್‌ಗಳು ಬಹಳ, ಮೇಲೆ ಅನುಭವಿಗಳು ಕೆಲವರು ಅನ್ನೋ ವೆಚ್ಚದ ಲೆಕ್ಕದ ಮೇಲೆ ಇಡೀ ವ್ಯವಹಾರ ನಿಂತಿದೆ. 2000ದ ಸುಮಾರಿಗೆ ಸೇರಿದವರೆಲ್ಲ ಈಗ 45-50ರಲ್ಲಿದ್ದಾರೆ, ಪಿರಮಿಡ್ ನಡುವಿನಲ್ಲಿ ಉಬ್ಬಿದೆ. ಮ್ಯಾನೇಜರ್ ಆಗುವುದೊಂದೇ ಏಣಿ ಇರುವ ಕಡೆ ಇವರಲ್ಲಿ ಹೆಚ್ಚಿನವರು ಹದಿನೈದು ವರ್ಷದಿಂದ ಕೋಡ್ ಮುಟ್ಟಿರಲ್ಲ, ಕೆಲಸ ಹೋದಾಗ ತೋರಿಸೋಕೆ ಕಸುಬೇ ಇರಲ್ಲ. ತಾಂತ್ರಿಕ ಏಣಿಯನ್ನು 50ರವರೆಗೂ ತೆರೆದಿಡೋದು ಕಂಪನಿಯ ಕೆಲಸ. ವಾರಕ್ಕೆ ನಾಲ್ಕು ಗಂಟೆಯಾದರೂ ಕೈಯಿಂದ ಮಾಡುವ ಕೆಲಸ ಉಳಿಸಿಕೊಳ್ಳೋದು ನಮ್ಮದು.

ವಿಮೆ ಬಗ್ಗೆ ಎಚ್ಚರ: ಕಂಪನಿಯ ಗುಂಪು ವಿಮೆ ಕೆಲಸದ ಜೊತೆಗೇ ಮುಗಿಯುತ್ತೆ. 50ರಲ್ಲಿ ಹೊಸದಾಗಿ ಸ್ವಂತ ಪಾಲಿಸಿ ತಗೊಂಡರೆ ಇರುವ ಕಾಯಿಲೆಗೆ 36 ತಿಂಗಳವರೆಗೆ ಕಾಯಿಸಬಹುದು. ಕೆಲಸ ಇರುವಾಗಲೇ ಸಣ್ಣದೊಂದು ಪಾಲಿಸಿ ಶುರು ಮಾಡಿದರೆ ಆ ಕಾಯುವ ಕಾಲ ಅಷ್ಟರಲ್ಲಿ ಮುಗಿದಿರುತ್ತೆ.

ಬೊಮ್ಮಸಂದ್ರ_ಘಟಕ

2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ 40 ದಾಟಿದವರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಇದೆ. ನಮ್ಮದು 180 ಜನರ ಘಟಕ, 40 ದಾಟಿದವರು 60 ಜನರಷ್ಟು. ಲ್ಯಾಬಿನವರು ಕೊಟ್ಟ ಪ್ಯಾಕೇಜಿನಲ್ಲಿ ರಕ್ತ, ಮೂತ್ರ, ಇಸಿಜಿ, ಎಕ್ಸ್‌ರೇ ಇವೆ. ಮೇಲಿನ ಚರ್ಚೆ ಓದಿದ ಮೇಲೆ ಇನ್ನೇನು ಸೇರಿಸಬೇಕು? ಪಿಎಫ್‌ನವರಿಗೂ ಒಂದು ಪ್ರಶ್ನೆ: 58 ತುಂಬಿದ ಇಬ್ಬರನ್ನು ಇಟ್ಟುಕೊಳ್ಳಬೇಕೆಂದಿದ್ದೇವೆ, ಪಿಂಚಣಿ ಏನಾಗುತ್ತದೆ?

ಪಿಎಫ್_ಪಾಸ್‌ಬುಕ್

58ಕ್ಕೆ ಅವರು ಫಾರಂ 10ಡಿ ಹಾಕಿ ಪಿಂಚಣಿ ತೆಗೆದುಕೊಳ್ಳುತ್ತಲೇ ನಿಮ್ಮಲ್ಲಿ ಸಂಬಳಕ್ಕೂ ದುಡಿಯಬಹುದು. ಆಗ ಪಿಂಚಣಿ ಖಾತೆಗೆ ಕಟ್ಟುವುದು ನಿಲ್ಲುತ್ತದೆ, ನಿಮ್ಮ ಪೂರಾ ಶೇ 12 ಭವಿಷ್ಯ ನಿಧಿಗೆ ಹೋಗಬೇಕು. ಸಾಫ್ಟ್‌ವೇರಿನಲ್ಲಿ ಇದನ್ನು ಬದಲಿಸಲು ಮರೆತು 1,250 ಕಟ್ಟುತ್ತಾ ಹೋಗುವುದು ಸಾಮಾನ್ಯ ತಪ್ಪು, ಆಮೇಲೆ ಕ್ಲೇಮ್ ಸಿಕ್ಕಿಕೊಳ್ಳುತ್ತದೆ. ಈಗ ದುಡ್ಡಿನ ಅವಸರ ಇಲ್ಲದಿದ್ದರೆ ಪಿಂಚಣಿಯನ್ನು 60ರ ತನಕ ಮುಂದೂಡಬಹುದು, ವರ್ಷಕ್ಕೆ ಶೇ 4 ಹೆಚ್ಚು ಸಿಗುತ್ತದೆ. 4,114 ಇದ್ದದ್ದು ಎರಡು ವರ್ಷಕ್ಕೆ 4,440ರ ಹತ್ತಿರ ಬರುತ್ತದೆ. ಆದರೆ ಆ ಎರಡು ವರ್ಷ ಕೈಬಿಟ್ಟ ಪಿಂಚಣಿ 98,000 ದಾಟುತ್ತದೆ, ತಿಂಗಳಿಗೆ ಮುನ್ನೂರ ಚಿಲ್ಲರೆ ಹೆಚ್ಚಳದಿಂದ ಅದನ್ನು ತುಂಬಿಕೊಳ್ಳಲು ಇಪ್ಪತ್ತೈದು ವರ್ಷ ಬೇಕು. ನಿಮ್ಮ ಇಬ್ಬರಿಗೆ 58ಕ್ಕೇ ತೆಗೆದುಕೊಳ್ಳಿ ಅನ್ನುತ್ತೇನೆ.

ಹತ್ತಿರದ_ನೋಟ

ತಪಾಸಣೆಗೆ ಎರಡು ಸೇರಿಸಿ ಸರ್. ಒಂದು, ಹತ್ತಿರದ ದೃಷ್ಟಿ: 40 ಸೆಂ.ಮೀ.ಗೆ ಕನ್ನಡ ಅಕ್ಷರದ ಚಾರ್ಟ್ ಹಿಡಿಸಿ, ಎನ್8 ಎಂಬ ಸಣ್ಣಕ್ಷರದ ಸಾಲು ಸಲೀಸಾಗಿ ಓದಲಾಗದವರನ್ನು ಗುರುತು ಮಾಡಿ. ಓದು ಬರದವರಿಗೆ ಇ ಅಕ್ಷರ ತಿರುಗಿಸಿದ ಚಾರ್ಟ್ ಸಿಗುತ್ತೆ. ಲ್ಯಾಬಿನವರು ಆರು ಮೀಟರ್ ಚಾರ್ಟ್ ಒಂದನ್ನೇ ಓದಿಸಿ "ಕಣ್ಣು ಸರಿ ಇದೆ" ಅಂತ ಬರೆದುಕೊಡ್ತಾರೆ, ಅದನ್ನು ಒಪ್ಪಬೇಡಿ. ಎರಡು, ಪ್ರೆಸ್ ಶಾಪ್ ಇದ್ದರೆ ಶ್ರವಣ ಪರೀಕ್ಷೆ. 85 ಡೆಸಿಬಲ್ ಮೇಲಿನ ಸದ್ದಿನಲ್ಲಿ ವರ್ಷಗಟ್ಟಲೆ ಇದ್ದವರಿಗೆ 4000 ಹರ್ಟ್ಸ್ ಹತ್ತಿರ ಕುಸಿತ ಮೊದಲು ಕಾಣುತ್ತೆ. ಪರೀಕ್ಷೆಯನ್ನು ಸೋಮವಾರ ಬೆಳಗ್ಗೆ ಪಾಳಿಗೆ ಮುಂಚೆ ಮಾಡಿಸಿ. ಪಾಳಿ ಮುಗಿಸಿ ಬಂದವರ ಕಿವಿ ತಾತ್ಕಾಲಿಕವಾಗಿ ಮಂದವಾಗಿರುತ್ತೆ, ಫಲಿತಾಂಶ ತಪ್ಪು ಬರುತ್ತೆ.

60 ಜನರ ಸೀಟಿನ ದೂರ ಮತ್ತು ಲಕ್ಸ್ ಅಳತೆಗೆ ಎರಡು ಮಧ್ಯಾಹ್ನ ಸಾಕು. ಕನ್ನಡಕ ಕೊಡುವ ಮುಂಚಿನ ತಿಂಗಳ ರಿಜೆಕ್ಟ್ ಎಣಿಕೆ ಈಗಲೇ ತೆಗೆದಿಟ್ಟುಕೊಳ್ಳಿ, ಕೊಟ್ಟ ಎರಡು ತಿಂಗಳ ಮೇಲೆ ಅದೇ ಜನ, ಅದೇ ಕೆಲಸದ ಎಣಿಕೆ ಜೊತೆಗಿಟ್ಟು ಇಲ್ಲಿ ಹಾಕಿ.